ಹೊಗೆಯಂಗಿ ಒಗೆಯುವ ಅಂಜಿನವ್ವ

ಬೆಳಕು ಹರಿಯುವ ಹೊತ್ತು. ಹರಿಹರದ ಮಗ್ಗುಲಿನ ಗುತ್ತೂರಿನಲ್ಲಿ ಅಂಜಿನವ್ವನವರ ಮನೆ ಮುಂದೆ ಬೈಕೊಂದು ನಿಲ್ಲುತ್ತದೆ. ಹತ್ತಿ ಗೋದಾಮಿನ ಬೆಂಕಿ ಆರಿಸಿ ಬಂದ ಅಗ್ನಿಶಾಮಕ ಸಿಬ್ಬಂದಿ ವೀರೇಶ್, ಮಸಿ ಮೆತ್ತಿದ ಬಟ್ಟೆಯ ಚೀಲ ಹಿಡಿದು ಒಳಗೆ ಕಾಲಿಡುವಷ್ಟರಲ್ಲಿ ಅಂಗಳದಿಂದ ಕೂಗು ಬರುತ್ತದೆ.

“ಅಲ್ಲೇ ನಿಲ್ಲಪ್ಪಾ, ಒಳಗ ತರಬ್ಯಾಡ! ಕಲ್ಲಿನ ಮ್ಯಾಲೆ ಇಡು. ಕುತ್ತಿಗೆ, ಕಿವಿ ಹಿಂದೆ ಸೋಪು ಹಚ್ಚಿ ತೊಳ್ಕೊ. ಆಮ್ಯಾಲೆ ಮನೆಗೆ ಹೋಗು.”

“ಮನೇಲೂ ನೀರೈತೆ ಅವ್ವಾ.”

“ಮನೇಲಿ ಕೂಸೂ ಐತಲ್ಲ?”

ವೀರೇಶ್ ಚೀಲವನ್ನು ಕಲ್ಲಿನ ಮೇಲಿಟ್ಟು ನಲ್ಲಿಯ ಕಡೆ ನಡೆಯುತ್ತಾರೆ.

ಅರವತ್ತು ದಾಟಿದ ಅಂಜಿನವ್ವ ಮಾಸ್ಕ್ ಕಟ್ಟಿ, ಮೊಣಕೈವರೆಗೆ ರಬ್ಬರ್ ಗ್ಲೌಸ್ ಏರಿಸಿ ಬಟ್ಟೆ ನೆನೆಹಾಕುತ್ತಾರೆ. ದಾವಣಗೆರೆ, ಹರಿಹರದ ಹತ್ತಾರು ಸಿಬ್ಬಂದಿಯ ಮಸಿಬಟ್ಟೆಗಳು ಈ ಅಂಗಳಕ್ಕೆ ಬರುತ್ತವೆ. ಇದಕ್ಕೆಂದೇ ಬೇರೆ ತೊಟ್ಟಿ, ಬೇರೆ ಹಗ್ಗ.

ಪತಿ ಗುಡ್ಡಪ್ಪನವರೂ ಅಗ್ನಿಶಾಮಕ ದಳದಲ್ಲಿದ್ದವರು. ಆಗ ಸಂಸಾರ ದಾವಣಗೆರೆಯ ಸರಸ್ವತಿ ನಗರದ ಬಾಡಿಗೆ ಮನೆಯಲ್ಲಿ. ಊರ ತುಂಬ ಹತ್ತಿ ಗಿರಣಿ, ಗೋದಾಮುಗಳಿದ್ದ ಕಾಲವದು. ಅರಳೆಗೆ ಕಿಡಿ ಬಿದ್ದರೆ ದಿನಗಟ್ಟಲೆ ಒಳಗೊಳಗೇ ಹೊಗೆಯಾಡುತ್ತಿತ್ತು. “ನಮ್ಮನೆಯವ್ರು ಬರೋಕಿಂತ ಮುಂಚೆ ಹೊಗೆ ವಾಸನೆ ಬರೋದ್ರಿ. ಜೀವಕ್ಕೆ ಸಮಾಧಾನ. ಮನುಷ್ಯ ಉಳ್ಕಂಡು ಬಂದ ಅಂತ. ನಮ್ ಭುವನೇಶ್ವರಿ ಅವ್ರಪ್ಪನ ಖಾಕಿ ಅಂಗಿ ಹೊದ್ಕಂಡೇ ಮಲಗೋಳು. ನೋಡಿ ನಗ್ತಿದ್ದೆ,” ಎನ್ನುವಾಗ ಅವರ ಮುಖದಲ್ಲಿ ಆ ಹಳೆಯ ನಗುವೇ ಮೂಡುತ್ತದೆ.

ನಿವೃತ್ತಿಯ ನಂತರ ಗುಡ್ಡಪ್ಪನವರಿಗೆ ಕೆಮ್ಮು ಹತ್ತಿತು. ಶ್ವಾಸಕೋಶದ ಕ್ಯಾನ್ಸರ್ ಎಂದರು ಡಾಕ್ಟರು. ಹೊಗೆಯೇ ಕಾರಣ ಎಂದು ಖಚಿತವಾಗಿ ಹೇಳಲಾಗದು ಎಂದರು. ಆದರೆ ಮಸಿಯ ವಿಷ ಬಟ್ಟೆಯಲ್ಲೂ ಉಳಿಯುತ್ತದೆ, ಮನೆಯವರಿಗೂ ಒಳ್ಳೆಯದಲ್ಲ ಎಂದೂ ಹೇಳಿದರು. ಅಂಜಿನವ್ವನಿಗೆ ಮಗಳು ಹೊದ್ದು ಮಲಗುತ್ತಿದ್ದ ಖಾಕಿ ಅಂಗಿ ನೆನಪಾಯಿತು. ಮಗಳಿಗೆ ತಪಾಸಣೆ ಮಾಡಿಸಿದರು. ಅವಳಿಗೇನೂ ಆಗಿರಲಿಲ್ಲ. ಗುಡ್ಡಪ್ಪ ಉಳಿಯಲಿಲ್ಲ.

ಪತಿ ತೀರಿದ ಕೆಲ ದಿನಕ್ಕೆ, ಅವರ ಜೊತೆ ಕೆಲಸ ಮಾಡಿದ್ದ ವಿಜಯಕುಮಾರ್ ಡ್ಯೂಟಿ ಮುಗಿಸಿ ನೇರವಾಗಿ ಮಾತಾಡಿಸಲು ಬಂದರು. ಭುವನೇಶ್ವರಿಯ ಮಗು ಓಡಿಹೋಗಿ ಅವರ ತೊಡೆ ಏರಿತು. ಅದೇ ಹೊಗೆ ವಾಸನೆ. ಅಂಜಿನವ್ವ ಮಗುವನ್ನು ಎಳೆದುಕೊಂಡರು. “ಬೇಜಾರಾಗಬ್ಯಾಡ್ರಿ ಅಣ್ಣಾ, ಆ ಅಂಗಿ ಬಿಚ್ಚಿಕೊಡ್ರಿ,” ಎಂದು ಗಂಡನ ಮಡಿಸಿಟ್ಟ ಅಂಗಿಯೊಂದನ್ನು ಅವರ ಕೈಗಿತ್ತರು. ಅಳುತ್ತಲೇ ಆ ಮಸಿ ಅಂಗಿ ಒಗೆದರು. ಈ ಕೆಲಸ ಶುರುವಾದದ್ದು ಹಾಗೆ.

ಮೊದಮೊದಲು ಸಿಬ್ಬಂದಿ ನಕ್ಕರು. ಮೈಮೇಲಿನ ಮಸಿ ಎಂದರೆ ಅವರಿಗೆ ಹೆಮ್ಮೆ. ಅಂಜಿನವ್ವ ಗಂಡನ ಕಾಯಿಲೆಯ ಕತೆ ಹೇಳಿದರು, ಬೈದರು, ಮತ್ತೆ ಹೇಳಿದರು. ಈಗ ಹೊಸದಾಗಿ ಸೇರಿದವರನ್ನು ಹಳಬರೇ ಇಲ್ಲಿಗೆ ಕಳಿಸುತ್ತಾರೆ.

ಹೊತ್ತೇರುತ್ತದೆ. ಬಟ್ಟೆ ಹರವಿ ಸೊಂಟ ನೆಟ್ಟಗೆ ಮಾಡಿಕೊಳ್ಳುವ ಅಂಜಿನವ್ವನನ್ನು ಇನ್ನೇನಾಸೆ ಎಂದು ಕೇಳಿದರೆ, ಹಗ್ಗದ ಮೇಲಿನ ಅಂಗಿಗಳತ್ತ ಕೈ ತೋರಿಸುತ್ತಾರೆ.

“ಈ ಹುಡುಗ್ರೆಲ್ಲಾ ರಿಟೈರಾಗಿ, ಇಲ್ಲೇ ಕಟ್ಟೆ ಮ್ಯಾಲೆ ಕುಂತು, ತಾವು ಆರಿಸಿದ ಬೆಂಕಿ ಕತೆ ಹೇಳಿ ನನ್ ತಲೆ ತಿನ್ನಬೇಕ್ರಿ. ಪೂರ್ತಿ ಕತೆ. ಅಷ್ಟು ಉಸಿರು ಅವ್ರಿಗಿರ್ಲಿ.”