ಕಾಗದದ ಹೂವೂ ಕಾಕುವಿನ ಸೋಮವಾರವೂ

ಬೆಳಿಗ್ಗೆ ಮಾರ್ಕೆಟ್ಟಿನಿಂದ ಬಂದು ಚೀಲ ಕೊಡವಿದರೆ ಕೊತ್ತಂಬರಿಯ ಜೊತೆ ಒಂದು ಕೆನ್ನೇರಳೆ ಕಾಗದದ ಹೂವೂ ಉದುರಿತು. ಎಂಥ ನಾಚಿಕೆಗೆಟ್ಟ ಗಿಡ ನೋಡಿ, ಕರೆಯದಿದ್ದರೂ ಮನೆಯೊಳಗೆ ಬರುತ್ತದೆ. ವಾಸನೆಯಿಲ್ಲ, ಮುಡಿಯಲು ಬಾರದು, ಕೀಳಹೋದರೆ ಮುಳ್ಳು. ಎಲೆಗೇ ಬಣ್ಣ ಬಳಿದುಕೊಂಡು ಹೂವೆಂದು ನಂಬಿಸುತ್ತದೆ. ಬಾಡಿಗೆ ಒಡವೆ ಹೇರಿಕೊಂಡು ಮದುವೆಗೆ ಬಂದವರ ಹಾಗೆ. ಇದನ್ನು ನಾನಿರುವ ಕೋಪರಖೈರಣೆಯ ಹೌಸಿಂಗ್ ಸೊಸೈಟಿಗಳು ಗೇಟಿನ ಮೇಲೆ ಹತ್ತಿಸಿಕೊಂಡು ಮೆರೆಯುತ್ತವೆ.

ಈ ತಿರಸ್ಕಾರ ನನ್ನ ಸ್ವಂತದ್ದಲ್ಲ, ಕಾಕುವಿನದು, ನನ್ನ ಚಿಕ್ಕಮ್ಮನದು. ತೊಂಬತ್ತರ ದಶಕದಲ್ಲಿ ನಾನು ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಕಾಕಾನ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದೆ. ಅಂದರೆ ಹೋದಂತೆ ಮಾಡುತ್ತಿದ್ದೆ. ಕಾಕಾನ ಕಾರ್ಖಾನೆಗೆ ಬೀಗ ಬಿದ್ದ ವರ್ಷ ವಿಜಾಪುರದ ಕಡೆಯವಳಾದ ಕಾಕು ಹರಕೆ ಹೊತ್ತಳು: ಕಾರ್ತಿಕದ ಅಷ್ಟೂ ಸೋಮವಾರ ತಾನೇ ಬೆಳೆಸಿದ ಹೂವನ್ನು ಶಿವನಿಗೆ ಏರಿಸುತ್ತೇನೆ, ಬೀಗ ತೆಗೆಸು ಎಂದು. ಕೊಂಡ ಹೂ ನಡೆಯದು. ಹಿತ್ತಲಲ್ಲಿದ್ದದ್ದು ಒಂದು ನಂದಿಬಟ್ಟಲು. ಜೊತೆಗೆ, ಒಡೆದ ಗೋಡೆಯಿಂದ ದನ ನುಗ್ಗದಿರಲೆಂದು ತಾನೇ ನೆಟ್ಟು, ತಾನೇ ದಿನಾ ಬೈಯುತ್ತಿದ್ದ ಕಾಗದದ ಹೂವಿನ ಗಿಡ.

ಕೊನೆಯ ಸೋಮವಾರದ ಹಿಂದಿನ ಸಂಜೆ ಯಾವುದೋ ಕಾರ್ಖಾನೆಯ ಹುಳಿ ಗಾಳಿ ಬೀಸಿತು. ಬೆಳಗಾದರೆ ನಂದಿಬಟ್ಟಲಿನ ಮೊಗ್ಗೆಲ್ಲ ಕರಕಲು. ಕಾಗದದ ಹೂ ಮಾತ್ರ ಏನೂ ಆಗದವರಂತೆ ಕಿಲಕಿಲ.

"ಕಾಕು, ಇದನ್ನ ಏರಿಸು. ದೇವ್ರಿಗೇನ್ ಗೊತ್ತಾಗ್ತದ?" ಎಂದೆ.

"ಎಲಿ ಕೊಟ್ಟು ಹೂವು ಅನ್ನಾಕ ನಾ ಏನ್ ಗೇಟಿಗೆ ಇದನ್ನ ಹಬ್ಬಿಸೋ ಸೊಸೈಟಿ ಸೆಕ್ರೆಟರಿನ?"

ಗೋಡೆಯಾಚೆ ಬಟ್ಟೆ ಒಣಹಾಕುತ್ತಿದ್ದ ಮಂಗಳೂರಿನ ಸರೋಜಕ್ಕ ಕೇಳಿಸಿಕೊಂಡರು. "ಬಣ್ಣದ್ದು ಎಲೆಯೇ ಹೌದು ಅಕ್ಕ. ಆದ್ರೆ ನಡುವೆ ಬಿಳಿ ಉಂಟಲ್ಲ, ಸಾಸಿವೆಯಷ್ಟು? ಹೂ ಅಂದ್ರೆ ಅದುವೇ."

ಕಾಕು ಒಂದನ್ನು ಕಿತ್ತು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಮುಳ್ಳಿನೊಳಗೆ ಕೈ ಹಾಕಿದವಳು ತಾಸು ಹೊತ್ತು ಆಚೆ ಬರಲಿಲ್ಲ. ಬಣ್ಣವನ್ನೆಲ್ಲ ಹರಿದು ಮೋರಿಗೆಸೆದು, ನಡುವಿನ ಬಿಳಿಯನ್ನಷ್ಟೇ ಬಿಡಿಸಿ ಬಿಡಿಸಿ ತಾಮ್ರದ ಬಟ್ಟಲಿಗೆ ಹಾಕಿದಳು. "ಬಣ್ಣ ನೋಡೋ ಮಂದಿಗಿರ್ಲಿ." ಕೊನೆಗೆ ಕೂಡಿದ್ದು ಒಂದು ಚಮಚ. ಅದನ್ನೇ ಏರಿಸಿದಳು.

ಬೀಗ ತೆಗೆಯಲಿಲ್ಲ. ಕಾಕಾ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಲಾರಿಗೆ ಸರಳು ಹೇರಲು ಹೋದ.

"ಹೂವು ಸಣ್ಣದಾತೇನೋ ಕಾಕು," ಎಂದೆ, ಜಾಣನಂತೆ.

ಆಕೆ ಅಕ್ಕಿ ತೊಳೆಯುತ್ತ ತಲೆ ಎತ್ತಲಿಲ್ಲ. "ನಾ ಕೊಟ್ಟಿದ್ದು ಖರೇ ಹೂವು. ನಿಮ್ಮ ಶಿವಾನೂ ಬಣ್ಣ ನೋಡಾಂವ ಅಂತ ನನಗೇನ್ ಗೊತ್ತು?" ಅವತ್ತು ಸೋಮವಾರ, ಆಕೆ ತಪ್ಪದೆ ಉಪವಾಸವಿರುತ್ತಿದ್ದ ದಿನ. ಉಪವಾಸ ಬಿಟ್ಟು ಎಲ್ಲರಿಗಿಂತ ಮೊದಲು ಊಟಕ್ಕೆ ಕೂತಳು.

ಇಷ್ಟು ವರ್ಷ ಈ ಮಾತನ್ನು ಹೇಳಿ ಹೇಳಿ ನಗಿಸಿದ್ದೇನೆ. ಇವತ್ತು ಬರೆಯಲು ಕೂತಾಗಲೇ ಹೊಳೆದದ್ದು: ಆ ತಾಸು ಹೊತ್ತು ನಾನು ಬಾಗಿಲಲ್ಲಿ ಚಹಾ ಕುಡಿಯುತ್ತ ನಿಂತಿದ್ದೆ. ಒಂದೇ ಒಂದು ಹೂವನ್ನೂ ಬಿಡಿಸಿಕೊಡಲಿಲ್ಲ.