ಲಕ್ಕಿ ಗಿಡದ ತವರಿನ ಹೆಸರು

ನನಗೆ ಒಂದು ಕಡೆ ಕೂತು ಅಭ್ಯಾಸವಿಲ್ಲ. ಚಳ್ಳಕೆರೆಯಲ್ಲಿ ಬೋರ್‌ವೆಲ್ ಮೋಟರುಗಳಿಗೆ ವೈಂಡಿಂಗ್ ಮಾಡುವವನು ನಾನು. ಕೈಯಲ್ಲಿ ತಾಮ್ರದ ತಂತಿ ಇದ್ದಷ್ಟು ಹೊತ್ತು ಸ್ಟೂಲಿನ ಮೇಲೆ ಇರುತ್ತೇನೆ, ತಂತಿ ಮುಗಿದರೆ ಬೀದಿಯಲ್ಲಿರುತ್ತೇನೆ. ಹಾಗಾಗಿ ಅಮ್ಮಿಗೆ, ನನ್ನ ತಾಯಿಗೆ, ಲಕ್ವ ಹೊಡೆದು ಬಲಭಾಗ ಬಿದ್ದುಹೋದಾಗ, ಮಂಚದ ಪಕ್ಕ ಕೂರುವುದನ್ನು ಹೆಂಡತಿಗೆ ಬಿಟ್ಟು ಓಡಾಟವನ್ನೆಲ್ಲ ನಾನು ಹಚ್ಚಿಕೊಂಡೆ. ಮಾತ್ರೆ ತಂದೆ, ಗಾಲಿಕುರ್ಚಿ ತಂದೆ. ಕುರ್ಚಿ ಬಚ್ಚಲವರೆಗೆ ಉರುಳಲಿ ಎಂದು ಹಿತ್ತಲಿಗೆ ಸಿಮೆಂಟು ಹಾಕಿಸಲು ಹೊರಟೆ.

ಸಿಮೆಂಟಿಗೆ ಅಡ್ಡ ನಿಂತದ್ದು ಲಕ್ಕಿ ಗಿಡ. ಅಮ್ಮಿ ಮದುವೆಯಾಗಿ ಬಂದ ವರ್ಷ ತವರಿನಿಂದ ತಂದು ಊರಿದ ಕಡ್ಡಿ ಅದು. ಬಚ್ಚಲ ನೀರು ಕುಡಿದು ಗೋಡೆಯೆತ್ತರ ಬೆಳೆದಿತ್ತು. ಅಂಗೈ ಬಿಡಿಸಿದಂತೆ ಐದೈದು ಎಲೆ, ಹಿಂಬದಿಗೆ ಬೂದಿ ಬಣ್ಣ, ತುದಿಯಲ್ಲಿ ತಿಳಿ ನೇರಳೆ ಹೂವು, ಮುಟ್ಟಿದರೆ ಕೈಗೆಲ್ಲ ಘಾಟು. ಓಣಿಯ ಬಾಣಂತಿಯರ ಬಿಸಿನೀರಿಗೆ ಇದರ ಸೊಪ್ಪೇ ಆಗಬೇಕು. ಜೋಳದ ಚೀಲಕ್ಕೆ ಹುಳ ಬೀಳದಿರಲೆಂದು ಒಣ ಎಲೆ ಹಾಕುತ್ತಿದ್ದರು. ಚಿಕ್ಕಂದಿನಲ್ಲಿ ನನಗೆ ತಲೆನೋವು ಬಂದರೆ ಅಮ್ಮಿ ಎರಡು ಎಲೆ ಹಿಸುಕಿ ಹಣೆಗೆ ಉಜ್ಜಿ ತೊಡೆಯ ಮೇಲೆ ಮಲಗಿಸಿಕೊಳ್ಳುತ್ತಿದ್ದಳು. ಆಗಲೂ ನಾನು ಅರ್ಧಕ್ಕೇ ಎದ್ದು ಓಡುತ್ತಿದ್ದೆ.

ನಾನು ಕೊಡಲಿ ಹಾಕಿದ ದಿನ ಅಮ್ಮಿ ಕಿಟಕಿಯಿಂದ ನೋಡುತ್ತಿದ್ದಳು. ಲಕ್ವದ ನಂತರ ಅವಳ ಬಾಯಲ್ಲಿ ಉಳಿದಿದ್ದು ನಾಲ್ಕೈದು ಮಾತುಗಳಷ್ಟೇ. ಅವತ್ತು ಒಂದೇ ಸಮನೆ "ಸಂಭಾಲೋ, ಸಂಭಾಲೋ" ಎಂದು ಕೂಗಿದಳು. ನಮ್ಮ ಮನೆಮಾತು ಉರ್ದು. ಸಂಭಾಲೋ ಎಂದರೆ ಹುಷಾರು, ನೋಡಿಕೋ. ಮಗ ಎಲ್ಲಿ ಕಾಲಿಗೆ ಏಟು ಹಾಕಿಕೊಳ್ಳುತ್ತಾನೋ ಎಂದು ಹೆದರಿದ್ದಾಳೆ ಅಂದುಕೊಂಡೆ. "ಹುಷಾರಾಗೇ ಕಡೀತಿದೀನಿ ಅಮ್ಮಿ" ಎಂದು ಕೂಗಿ ಹೇಳಿ, ಬುಡವನ್ನೂ ಅಗೆದು ತೆಗೆದೆ. ಬೇರು ಉಳಿದರೆ ಸಿಮೆಂಟು ಬಿರುಕು ಬಿಡುತ್ತದಲ್ಲ.

ಆಮೇಲೆ ದಿನವೂ ಅದೇ ಮಾತು. ನೋಡಿಕೊಳ್ತೀನಿ ಅಮ್ಮಿ ಎಂದಷ್ಟೂ ಅವಳಿಗೆ ಸಿಟ್ಟು. ಎಡಗೈಯಿಂದ ತಟ್ಟೆ ತಳ್ಳುತ್ತಿದ್ದಳು. ನನಗೂ ತಲೆ ಕೆಡುತ್ತಿತ್ತು. ಇಷ್ಟೆಲ್ಲ ನೋಡಿಕೊಳ್ಳುವವನಿಗೆ ನೋಡಿಕೋ, ನೋಡಿಕೋ ಎಂದರೆ ಯಾರಿಗೆ ಮೈ ಉರಿಯುವುದಿಲ್ಲ? ಒಂದು ದಿನ ಗದರಿಯೂ ಬಿಟ್ಟೆ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಎರಡು ತಿಂಗಳಾದ ಮೇಲೆ ಹಿಂದಿನ ಓಣಿಯಿಂದ, ಕೂಲಿಗೆ ಹೋಗುವ ಹೆಂಗಸೊಬ್ಬಳು ಬಂದಳು. "ಮಗಳು ಬಾಣಂತಿ ಐದಾಳಣ್ಣ. ಲಕ್ಕಿ ಸೊಪ್ಪು ಎಲ್ಡು ರೆಂಬೆ ಮುರ್ಕಂತೀನಿ" ಎಂದವಳು ಸಿಮೆಂಟು ನೋಡಿ ನಿಂತಳು. "ಗಿಡ ಎಲ್ಲೈತಣ್ಣ?"

ಒಳಗೆ ಅಮ್ಮಿ ಮಂಚ ಗುದ್ದಿದಳು. "ಲಕ್ಕಿ" ಎಂಬ ಮಾತು ಕೇಳಿಸಿತ್ತು. ಎಡಗೈ ಹಿತ್ತಲ ಕಡೆ ಚಾಚಿ ಕೂಗಿದಳು, "ಸಂಭಾಲೂ." ಕೊನೆಯಲ್ಲಿದ್ದದ್ದು ಲೋ ಅಲ್ಲ, ಲೂ.

ಬಿ.ಜಿ. ಕೆರೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ಮಾಮುವಿಗೆ, ಅಂದರೆ ಅಮ್ಮಿಯ ತಮ್ಮನಿಗೆ, ಫೋನು ಹಚ್ಚಿದೆ.

"ಸಂಭಾಲೂ ಅಂದ್ರೆ ಲಕ್ಕಿ ಕಣಲೇ" ಎಂದರು. "ನಮ್ಮ ಅಬ್ಬಾ ಹಕೀಮರ ಹತ್ರ ಔಷಧಿ ಅರೆಯೋರು. ನಮ್ಮ ಮನೇಲಿ ಅದಕ್ಕೆ ಹಂಗೇ ಅಂತಿದ್ವಿ. ನೀವು ಲಕ್ಕಿ ಅಂತೀರಿ, ಇಲ್ಲಿ ತೆಲುಗಿನೋರು ವಾವಿಲಿ ಅಂತಾರೆ."

ಓಣಿಯವರಿಗೆ ತಿಳಿಯಲೆಂದು ಲಕ್ಕಿ ಎನ್ನಲು ಕಲಿತಿದ್ದಳು ಅಮ್ಮಿ. ಲಕ್ವ ಆ ಮಾತನ್ನು ಒಯ್ದು ತವರಿನ ಮಾತನ್ನು ಬಿಟ್ಟಿತ್ತು. ಅವಳು ಗಿಡದ ಹೆಸರು ಹಿಡಿದು ಬೇಡುತ್ತಿದ್ದಾಗ ನಾನು ಅವಳ ಕಣ್ಣೆದುರೇ ಬುಡ ಅಗೆದಿದ್ದೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಹೆದರಿಕೆಯೂ ಆಯಿತು. ಮತ್ತೊಮ್ಮೆ ಲಕ್ವ ಬಂದರೆ ಗುರುತೂ ಉಳಿಯದು ಎಂದಿದ್ದರು ಡಾಕ್ಟರು. ಅವಳಿಗೆ ಗುರುತಿರುವಾಗಲೇ ಆ ಗಿಡ ಮತ್ತೆ ನಮ್ಮ ಮನೆಯಲ್ಲಿ ಚಿಗುರಬೇಕಿತ್ತು.

ಮರುದಿನ ಬೆಳಿಗ್ಗೆಯೇ ಬಿ.ಜಿ. ಕೆರೆಗೆ ಬೈಕು ಹತ್ತಿದೆ. ಊರಾಚೆಯ ಹಳ್ಳದ ದಂಡೆಯಲ್ಲಿ ಮಾಮು ಏಳು ಕಡ್ಡಿ ಕೊಯ್ದುಕೊಟ್ಟರು. "ಬೆರಳು ದಪ್ಪ ಇರ್ಬೇಕು. ಎರಡು ಗೆಣ್ಣು ಮಣ್ಣೊಳಗೆ, ನೆರಳಲ್ಲಿಡು, ನೀರು ಕೆಸರಾಗಬಾರ್ದು. ಆಮೇಲೆ ಮುಟ್ಟಬೇಡ."

ಕೊನೆಯದೊಂದೇ ನನ್ನ ಕೈಲಾಗದ್ದು. ಕೆಟ್ಟದ್ದನ್ನು ಬಿಚ್ಚಿ ನೋಡುವುದೇ ನನ್ನ ಕಸುಬು. ಪೇಂಟಿನ ಖಾಲಿ ಡಬ್ಬಿಗಳಲ್ಲಿ ಕಡ್ಡಿ ಊರಿ, ಬೇರು ಬಂತೋ ಎಂದು ಮೂರನೇ ದಿನಕ್ಕೇ ಒಂದನ್ನು ಕಿತ್ತು ನೋಡಿದೆ. ಬಂದಿರಲಿಲ್ಲ. ಮತ್ತೆ ಊರಿದೆ. ಐದನೇ ದಿನ ಇನ್ನೊಂದು. ಹೀಗೆ ಆರು ಕಡ್ಡಿ ನನ್ನ ಕೈಯಲ್ಲೇ ಒಣಗಿದವು. ಏಳನೆಯದನ್ನು ಹೆಂಡತಿ ಡಬ್ಬಿ ಸಮೇತ ಕಸಿದುಕೊಂಡು ಹೋಗಿ ಅಮ್ಮಿಯ ಎಡಗೈಗೆ ಎಟಕುವಂತೆ ಕಿಟಕಿಯಲ್ಲಿಟ್ಟಳು. "ಇಲ್ಲಿಗೆ ಕೈ ಹಾಕಿ ನೋಡೋಣ" ಎಂದಳು. ಹಾಕಿದೆ. ಅಮ್ಮಿ ಪಟ್ಟನೆ ಹೊಡೆದಳು.

ದಿನಕ್ಕೆ ಹತ್ತು ಸಲ ಅಂಗಡಿ ಬಿಟ್ಟು ಬಂದು ನೋಡಿ ಹೋಗುತ್ತಿದ್ದೆ. ಇಪ್ಪತ್ತು ದಿನ ಕಡ್ಡಿ ಕಡ್ಡಿಯಾಗಿಯೇ ಇತ್ತು. ಆಮೇಲೊಂದು ಮಧ್ಯಾಹ್ನ ಊಟಕ್ಕೆ ಬಂದಾಗ ಗೆಣ್ಣಿನಲ್ಲಿ ಎರಡು ಪುಟ್ಟ ಎಲೆ ಬಿಚ್ಚಿಕೊಂಡಿದ್ದವು. "ಅಮ್ಮಿ, ಸಂಭಾಲೂ" ಎಂದೆ. ಆ ಹೆಸರನ್ನು ನಾನು ಹೇಳಿದ್ದು ಅದೇ ಮೊದಲು.

ಅವಳು ಕೈ ಚಾಚಿ ಆ ಎರಡೂ ಎಲೆಗಳನ್ನು ಚಿವುಟಿಬಿಟ್ಟಳು. ಬೇಡ ಎಂದು ಕೂಗಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವಳು ಎಲೆಗಳನ್ನು ಬೆರಳಲ್ಲಿ ಹಿಸುಕಿ, ನನ್ನ ತಲೆಯನ್ನು ಹತ್ತಿರ ಎಳೆದುಕೊಂಡು ಹಣೆಗೆ ಉಜ್ಜತೊಡಗಿದಳು.

ಅಂಗಡಿಯಿಂದ ಫೋನು ಬರುತ್ತಲೇ ಇತ್ತು. ನಾನು ಏಳಲಿಲ್ಲ.