ಅವರೆ ಬೀಜದ ಅಧ್ಯಾಯದಲ್ಲಿ ಕುರಿ

ನಲವತ್ನಾಲ್ಕನೇ ವಯಸ್ಸಿನಲ್ಲಿ ನಾನು ಪಿಎಚ್.ಡಿ. ವಿದ್ಯಾರ್ಥಿನಿಯಾಗಿದ್ದೆ. ಗದಗದ ಕಡೆಯ ಕಾಲೇಜೊಂದರಲ್ಲಿ ಗೃಹವಿಜ್ಞಾನ ಕಲಿಸುತ್ತಿದ್ದವಳು ಮೂರು ವರ್ಷದ ರಜೆ ಪಡೆದು ಬೆಂಗಳೂರಿಗೆ ಬಂದಿದ್ದೆ. ಯಜಮಾನರೂ ಮಗಳೂ ಊರಲ್ಲೇ ಉಳಿದರು. ಕೊಡಿಗೇಹಳ್ಳಿಯ ಹಳೆಯ ಮನೆಯೊಂದರ ಮಹಡಿಯಲ್ಲಿ ನನಗೊಂದು ಕೋಣೆ ಸಿಕ್ಕಿತ್ತು. ಆಗ ವಿಮಾನ ನಿಲ್ದಾಣದ ರಸ್ತೆಯಲ್ಲಿ ಮೇಲ್ಸೇತುವೆಯ ಕಂಬಗಳು ಏಳುತ್ತಿದ್ದವು. ಬೆಳಿಗ್ಗೆ ಒರೆಸಿದ ಕಿಟಕಿಯ ಕಟ್ಟೆಯ ಮೇಲೆ ಮಧ್ಯಾಹ್ನದ ಹೊತ್ತಿಗೆ ಬೆರಳಿನಿಂದ ಬರೆಯುವಷ್ಟು ಧೂಳು ಕೂರುತ್ತಿತ್ತು. ಒಬ್ಬಳಿಗಾಗಿ ಸಾರು ಮಾಡುವುದು ಎಷ್ಟು ಕಷ್ಟವೆಂದು ನನಗೆ ತಿಳಿದದ್ದು ಅಲ್ಲಿ. ಎಷ್ಟು ಕಡಿಮೆ ಬೇಳೆ ಹಾಕಿದರೂ ಮರುದಿನಕ್ಕೆ ಉಳಿಯುತ್ತಿತ್ತು.

ರಾಜಾನುಕುಂಟೆಯ ಸುತ್ತಿನ ಹಳ್ಳಿಗಳಲ್ಲಿ ಹೆಂಗಸರು ಅವರೆ ಬೀಜವನ್ನು ಮುಂದಿನ ಬಿತ್ತನೆಗೆ ಹೇಗೆ ಕಾಪಾಡುತ್ತಾರೆ ಎಂಬುದು ನನ್ನ ಸಂಶೋಧನೆಯ ವಿಷಯ. ಮನೆ ಮನೆಗೆ ಹೋಗಿ ಕೇಳಿ ಬರೆದುಕೊಂಡದ್ದೆಲ್ಲ ಕನ್ನಡದಲ್ಲಿ. ಪ್ರಬಂಧ ಮಾತ್ರ ಇಂಗ್ಲಿಷಿನಲ್ಲಿ ಆಗಬೇಕಿತ್ತು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಆಮೇಲೆ ಇಂಗ್ಲಿಷನ್ನು ಬಾಯಿಪಾಠ ಮಾಡಿಯೇ ಎಂ.ಎಸ್ಸಿ.ವರೆಗೆ ಬಂದವಳು. ಓದಿದರೆ ಅರ್ಥವಾಗುತ್ತಿತ್ತು, ಪಾಠವನ್ನೂ ಮಾಡುತ್ತಿದ್ದೆ. ಬರೆಯಲು ಕುಳಿತರೆ ಮೂರನೇ ಸಾಲಿಗೆ ಕೈ ನಿಲ್ಲುತ್ತಿತ್ತು.

ಕೊಡಿಗೇಹಳ್ಳಿ ಗೇಟಿನ ಹತ್ತಿರ ಒಂದು ಡಿಟಿಪಿ ಅಂಗಡಿ ಇತ್ತು. ನಮ್ಮ ವಿಶ್ವವಿದ್ಯಾಲಯದ ಸಂಶೋಧಕರ ಪ್ರಬಂಧಗಳೆಲ್ಲ ಅಲ್ಲೇ ಟೈಪ್ ಆಗುತ್ತಿದ್ದವು. ಅದನ್ನು ನಡೆಸುತ್ತಿದ್ದವರು ನನಗಿಂತ ದೊಡ್ಡವರು, ಮೂಗಿನ ತುದಿಗೆ ಕನ್ನಡಕ. ನನ್ನ ಮೊದಲ ಅಧ್ಯಾಯದ ಕೈಬರಹವನ್ನು ಅವರು ಕೊನೆಯವರೆಗೂ ಓದಿದರು.

"ವಿಷ್ಯ ಚೆನ್ನಾಗಿದೆ ಮೇಡಂ. ಇಂಗ್ಲಿಷ್ ಮಾತ್ರ ಸ್ವಲ್ಪ ಹೈಸ್ಕೂಲ್ ಥರ ಇದೆ. ಪಾಲಿಶ್ ಮಾಡ್ಲಾ?"

"ಮಾಡಿ," ಎಂದೆ.

ವಾರದ ನಂತರ ಬಂದ ಅಧ್ಯಾಯವನ್ನು ಕೋಣೆಯಲ್ಲಿ ನಿಂತು ಗಟ್ಟಿಯಾಗಿ ಓದಿದೆ. ಎಂತಹ ವಾಕ್ಯಗಳು! ಅಲ್ಲಿ ನನ್ನ ಸಾಲು ಯಾವುದೆಂದು ಹುಡುಕುವ ಯೋಚನೆಯೂ ಬರಲಿಲ್ಲ. ಎರಡನೆಯದನ್ನೂ ಮೂರನೆಯದನ್ನೂ ಹಾಗೆಯೇ ಕೊಟ್ಟೆ.

ರಜೆ ಮುಗಿಯಲು ಮೂರು ತಿಂಗಳಿದ್ದಾಗ ಗೈಡ್ ಕರೆಸಿದರು.

"ಈ ಪ್ಯಾರಾ ಯಾರ್ ಬರೆದಿದ್ದು ಮೇಡಂ?"

"ನಾನೇ ಸರ್."

ಅವರು ಕಪಾಟಿನಿಂದ ಕಪ್ಪು ರೆಕ್ಸಿನ್ ರಟ್ಟಿನ ಹಳೆಯ ಪ್ರಬಂಧವೊಂದನ್ನು ತೆಗೆದು, ಗುರುತು ಇಟ್ಟಿದ್ದ ಪುಟವನ್ನು ನನ್ನ ಅಧ್ಯಾಯದ ಪಕ್ಕದಲ್ಲಿ ಬಿಚ್ಚಿಟ್ಟರು. ಎರಡೂ ಒಂದೇ.

"ಇದು ಕುರಿ ಸಾಕಣೆ ಬಗ್ಗೆ ಬರೆದಿದ್ದು. ಕುರಿ ಇದ್ದ ಕಡೆ ಎಲ್ಲಾ ಅವರೆ ಅಂತ ಹಾಕಿದಾರೆ. ಇಲ್ಲೊಂದು ಕಡೆ ಮರ್ತಿದಾರೆ, ನೋಡಿ, ಕುರಿ ಹಾಗೇ ಇದೆ. ಇನ್ನೊಂದು ಕಡೆ ನಿಮ್ಮ ಅವರೆ ಬೀಜ ಮೇಯಕ್ಕೆ ಹೋಗಿದೆ."

ಪಕ್ಕದಲ್ಲಿ ಕುಳಿತಿದ್ದ ಇನ್ನೊಬ್ಬ ಪ್ರಾಧ್ಯಾಪಕಿ ಬಾಯಿಗೆ ಸೆರಗು ಒತ್ತಿಕೊಂಡರು. ಅಧ್ಯಾಯ ಬೇರೆ ಯಾರದ್ದಾದರೂ ಆಗಿದ್ದರೆ ನನಗೂ ನಗು ಬರುತ್ತಿತ್ತು.

ಅಂಗಡಿಗೆ ಹೋಗಿ ಕೇಳಿದಾಗ ತಿಳಿಯಿತು, ಗೈಡ್‌ಗೂ ಹೇಳಿದೆ: ಅಲ್ಲಿನ ಕಂಪ್ಯೂಟರಿನಲ್ಲಿ ಹಳೆಯ ಪ್ರಬಂಧಗಳೆಲ್ಲ ಇದ್ದವು. ಪಾಲಿಶ್ ಎಂದರೆ ಅವುಗಳಿಂದ ತೆಗೆದು ಕೂಡಿಸುವುದು. ಅಂಗಡಿಯವರು ಅದನ್ನು ಮೋಸವೆಂದು ಮಾಡಿದ್ದಲ್ಲ, ಉಪಕಾರವೆಂದೇ ತಿಳಿದಿದ್ದರು. ಆದರೆ "ನಾನೇ ಸರ್" ಎಂದದ್ದು ನಾನು. ಅದಕ್ಕೆ ಅವರು ಹೊಣೆಯಲ್ಲ.

ವಿಭಾಗದ ಸಮಿತಿ ತೀರ್ಮಾನ ತಿಳಿಸಿತು. ನಾನು ಅವರೆದುರೇ ಕುಳಿತು ಮೂರು ಗಂಟೆ ಇಂಗ್ಲಿಷಿನಲ್ಲಿ ಕೈಯಿಂದ ಬರೆಯಬೇಕು. ಅದು ಪ್ರಬಂಧ ಬರೆಯಬಲ್ಲವರ ಬರಹವೆಂದು ಒಪ್ಪಿಗೆಯಾದರೆ ಅಧ್ಯಾಯಗಳನ್ನು ತಿದ್ದಲು ಅವಕಾಶ. ಇಲ್ಲದಿದ್ದರೆ ಒಂದು ಸೆಮಿಸ್ಟರ್ ಇಂಗ್ಲಿಷ್ ತರಗತಿಯಲ್ಲಿ ಕೂರಬೇಕು. ಅಷ್ಟರಲ್ಲಿ ರಜೆ ಮುಗಿಯುತ್ತದೆ. ಊರಿಗೆ ಮರಳಿದರೆ ಪ್ರಬಂಧ ಅಲ್ಲಿಗೇ ಮುಗಿದಂತೆ.

ನನಗೆ ಹತ್ತು ದಿನ ಸಿಕ್ಕಿತು. ಬರೆದು ಯಾರಿಗಾದರೂ ತೋರಿಸಬೇಕೆನಿಸಿತು. ಜೊತೆಗೆ ಸಂಶೋಧನೆ ಮಾಡುತ್ತಿದ್ದ ವಿಭಾಗದ ಮಕ್ಕಳು ಒಳ್ಳೆಯವರೇ, ಆದರೆ ಸುದ್ದಿ ಹರಡಿದ ಮೇಲೆ ಕ್ಯಾಂಟೀನಿನಲ್ಲಿ ನಾನು ತಟ್ಟೆ ಹಿಡಿದು ಬಂದರೆ ಮಾತು ತಗ್ಗುತ್ತಿತ್ತು. "ಬನ್ನಿ ಮೇಡಂ" ಎನ್ನುತ್ತಿದ್ದರು, ಬೇಗ ಬೇಗ ಉಂಡು ಏಳುತ್ತಿದ್ದರು. ಯಜಮಾನರಿಗೆ ಫೋನಿನಲ್ಲಿ ಹೇಳಿದೆ.

"ಅಷ್ಟ್ ವರ್ಷ ಪಾಠ ಮಾಡೀದಿ, ಒಂದ್ ಪರೀಕ್ಷಾಕ್ಕ ಯಾಕ್ ಅಂಜ್ತಿ?" ಎಂದರು. ಆಮೇಲೆ, "ಮಗಳ ಸ್ವೆಟರ್ ಎಲ್ಲಿಟ್ಟೀಯ?"

ಸ್ವೆಟರ್ ಮೇಲಿನ ಟ್ರಂಕಿನಲ್ಲಿತ್ತು. ಹೇಳಿದೆ.

ಆ ಹತ್ತು ದಿನಗಳಲ್ಲಿ ನನಗೊಂದು ವಿಷಯ ಹೊಳೆಯಿತು. ಮೂರು ವರ್ಷದಲ್ಲಿ ನಾನು ಬರೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಓದಿದ ಮನುಷ್ಯ ಆ ಅಂಗಡಿಯವರೊಬ್ಬರೇ. ಗೈಡ್ ಪುಟ ಮಗುಚುತ್ತಿದ್ದರು. ಅಂಗಡಿಯವರು ಬೆರಳಿಟ್ಟು ಓದಿ, ನಾನು ಬೀಜದ ಬಗ್ಗೆ ಕೇಳಲು ಹೋಗಿದ್ದ ಅಜ್ಜಿಯೊಬ್ಬಳ ಸಾಲು ಬಂದಾಗ, "ಈ ಅಜ್ಜಿ ಇನ್ನೂ ಇದಾರಾ ಮೇಡಂ?" ಎಂದು ಕೇಳಿದ್ದರು. ಅವರು ಬದಲಿಸಿದ್ದಕ್ಕೆಲ್ಲ ಅಷ್ಟು ಸುಲಭವಾಗಿ ನಾನು ಹೂಂ ಎಂದದ್ದು ಅದಕ್ಕೇ ಇರಬೇಕು.

ಹಳೆಯ ಅಭ್ಯಾಸದಂತೆ ಆರು ಪುಟದ ಪೀಠಿಕೆಯನ್ನು ಬಾಯಿಪಾಠ ಮಾಡಿಕೊಂಡು ಹೋದೆ. ಸೆಮಿನಾರ್ ಕೋಣೆಯಲ್ಲಿ ಉದ್ದನೆಯ ಮೇಜು, ಒಂದು ಕುರ್ಚಿ, ಬಿಳಿ ಹಾಳೆಗಳು. ಪ್ರಶ್ನೆ ಒಂದೇ ಸಾಲು: ನೀವು ಹೋದ ಒಂದು ಮನೆಯ ಬಗ್ಗೆ, ಯಾವ ಪುಸ್ತಕದಲ್ಲೂ ಸಿಗದ ಏನನ್ನು ಅಲ್ಲಿ ಕಲಿತಿರೆಂಬುದರ ಬಗ್ಗೆ ಬರೆಯಿರಿ.

ಆರು ಪುಟದಲ್ಲಿ ಒಂದು ಸಾಲೂ ಇದಕ್ಕೆ ಹೊಂದುತ್ತಿರಲಿಲ್ಲ. ಗೋಡೆ ಗಡಿಯಾರದಲ್ಲಿ ಇಪ್ಪತ್ತು ನಿಮಿಷ ಹೋಯಿತು. ಆಮೇಲೆ ಅಂಗಡಿಯವರು ಕೇಳಿದ್ದ ಆ ಅಜ್ಜಿಯ ಮನೆಯನ್ನೇ ನೆನೆದೆ. ಅಮಾವಾಸ್ಯೆಯ ದಿನದ ಬಿಸಿಲಲ್ಲಿ ಬೀಜ ಒಣಗಿಸಿ, ಬೂದಿ ಬೆರೆಸುತ್ತ ಆಕೆ ಹೇಳಿದ್ದು ಕಿವಿಯಲ್ಲಿತ್ತು: "ಇಂಗೆ ಅಂಗೈಯಾಗೆ ಉಜ್ಜಬೇಕು ಕಣವ್ವ. ಮೆತ್ತಗೆ. ಮಗೀನ ತಲೆ ಉಜ್ಜದಂಗೆ." ಬೀಜವನ್ನು ಮೂಡೆ ಕಟ್ಟುವ ಮೊದಲು ಆಕೆ ಒಂದನ್ನು ಹಲ್ಲಿನ ನಡುವೆ ಕಚ್ಚುತ್ತಿದ್ದಳು. ಕಟಕ್ ಎಂದರೆ ಒಣಗಿದೆ, ಇಲ್ಲದಿದ್ದರೆ ಇನ್ನೊಂದು ದಿನದ ಬಿಸಿಲು. ಹಲ್ಲು ಬಿದ್ದ ಮೇಲೆ ಆ ಕೆಲಸ ಸೊಸೆಯದಾಗಿತ್ತು. ಅಜ್ಜಿ ಪಕ್ಕದಲ್ಲಿ ಕುಳಿತು ಸದ್ದು ಕೇಳುತ್ತಿದ್ದಳು.

ಮೂಡೆಗೆ ಇಂಗ್ಲಿಷ್ ಪದ ಗೊತ್ತಿರಲಿಲ್ಲ. ಹುಲ್ಲನ್ನು ಹೆಣೆದು, ಬೀಜ ತುಂಬಿ, ಹಗ್ಗದಿಂದ ಬಿಗಿದ ಉಂಡೆ ಎಂದು ಬರೆದೆ. ಗೊತ್ತಿಲ್ಲದ ಪ್ರತಿಯೊಂದು ಪದದ ಜಾಗದಲ್ಲಿ ಕಂಡದ್ದನ್ನು ಬರೆದೆ. ವಾಕ್ಯಗಳು ಚಿಕ್ಕವಾದವು. ಹೊಡೆದು ಹಾಕಿದ್ದೂ ಬಹಳ. ಮೂರು ಗಂಟೆಯಲ್ಲಿ ನಾಲ್ಕೂವರೆ ಪುಟ.

ಸಮಿತಿಯ ಪರವಾಗಿ ಗೈಡ್ ನನ್ನೆದುರೇ ಓದಿದರು, ಕೆಂಪು ಪೆನ್ನು ಹಿಡಿದು. ಅಲ್ಲಲ್ಲಿ ತಿದ್ದಿದರು. ಮೂರನೇ ಪುಟದಲ್ಲಿ ಪೆನ್ನು ಕೆಳಗಿಟ್ಟು ಓದಿದರು. ಇನ್ನೂ ನಿಧಾನವಾಗಿ ಓದಲಿ ಎಂದು ನನಗೆ ಆಸೆಯಾಯಿತು.

"ಗ್ರಾಮರ್ ಅಲ್ಲಲ್ಲಿ ಹೋಗಿದೆ," ಎಂದರು. "ಆದ್ರೆ ಇದು ನಿಮ್ದೇ. ಮೂರೂ ಅಧ್ಯಾಯ ಹಿಂಗೇ ಬರೀರಿ. ಆ ಅಂಗಡಿ ಕಡೆ ಹೋಗ್ಬೇಡಿ."

"ಈ ಹಾಳೆದು ಒಂದು ಜೆರಾಕ್ಸ್ ತಗೊಳ್ಲಾ ಸರ್?"

"ಇಲ್ಲ ಮೇಡಂ, ಫೈಲಿಗೆ ಹೋಗ್ಬೇಕು."

ಫೋನ್ ಮಾಡಿದಾಗ ಯಜಮಾನರು ಬಸ್ಸಿನಲ್ಲಿದ್ದರು. "ಹೌದಾ? ಚಲೋ ಆತು. ಕೇಳ್ಸವಲ್ದು, ಆಮ್ಯಾಲ ಮಾಡ್ತೀನಿ," ಎಂದು ಇಟ್ಟರು.

ಮೂರು ಅಧ್ಯಾಯಗಳನ್ನೂ ಹೊಸದಾಗಿ ಬರೆದೆ. ಕೋಣೆಯಲ್ಲಿ ಒಬ್ಬಳೇ ಗಟ್ಟಿಯಾಗಿ ಓದಿಕೊಂಡು, ಎಡವಿದ ಕಡೆ ತಿದ್ದಿಕೊಂಡೆ. ರಜೆ ಮುಗಿಯಲು ಎರಡು ದಿನವಿದ್ದಾಗ ಪ್ರಬಂಧ ಸಲ್ಲಿಸಿದೆ, ಪದವಿಯೂ ಬಂತು. ಇಂದಿನವರೆಗೆ ಅದನ್ನು ಪೂರ್ತಿ ಓದಿದವರು, ನನಗೆ ತಿಳಿದಂತೆ, ನಿಯಮದ ಪ್ರಕಾರ ಓದಲೇಬೇಕಾಗಿದ್ದ ಮೂವರು ಪರೀಕ್ಷಕರು ಮಾತ್ರ.